ಪಾಠ ತೆಗೆದರೂ ಆಟ ಉಳಿಯುತ್ತದೆಯೇ?

ಪ್ರಶ್ನೆ: ನನ್ನ ಮಗಳು ಐದನೆಯ ತರಗತಿ, ಮಗ ಎಂಟನೆಯ ತರಗತಿ. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಇಬ್ಬರೂ ಬ್ರೌಸರಿನಲ್ಲಿ ಆಟವಾಡುತ್ತಾರೆ. ಕೇಳಿದರೆ ‘ಇದು ಎಜುಕೇಶನಲ್ ಗೇಮ್ ಅಮ್ಮಾ’ ಎನ್ನುತ್ತಾರೆ. ಪರದೆಯ ತುಂಬ ಜಾಹೀರಾತು. ಇವುಗಳಿಂದ ನಿಜಕ್ಕೂ ಏನಾದರೂ ಕಲಿಯುತ್ತಾರೆಯೇ? ಒಳ್ಳೆಯ ತಾಣಗಳು ಯಾವುವು? ಕನ್ನಡದಲ್ಲಿ ಇವೆಯೇ? ಒಂದು ಗಣಿತದ ಆಟಕ್ಕೆ ವರ್ಷದ ಚಂದಾ ಕಟ್ಟಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಕಟ್ಟಬಹುದೇ?
— ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ಮಕ್ಕಳು ನಿಮಗೆ ಸುಳ್ಳು ಹೇಳುತ್ತಿಲ್ಲ. ಅವರು ಆಡುವ ತಾಣದ ನೆತ್ತಿಯ ಮೇಲೆ ಹಾಗೆಯೇ ಬರೆದಿರುತ್ತದೆ. ‘ಎಜುಕೇಶನಲ್’ ಎಂದು ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾರೂ ಪರೀಕ್ಷಿಸುವುದಿಲ್ಲ. ಬರೆದುಕೊಂಡರೆ ಲಾಭವಂತೂ ಇದೆ: ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ತಾಣ ಸಲೀಸಾಗಿ ತೆರೆಯುತ್ತದೆ, ಮನೆಯಲ್ಲಿ ಹೆತ್ತವರ ಬಾಯಿ ಕಟ್ಟುತ್ತದೆ.

ಕೂಲ್‌ಮ್ಯಾತ್ ಗೇಮ್ಸ್ ಎಂಬ ತಾಣ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರಿನಲ್ಲಿ ಗಣಿತವಿದೆ. ಒಳಗೆ ಹೋದರೆ ಬಹುಪಾಲು ಓಡುವ, ಜಿಗಿಯುವ, ದಾರಿ ಹುಡುಕುವ ಆಟಗಳು. ಅದನ್ನು ನಾನು ತೆಗಳುತ್ತಿಲ್ಲ. ಅಲ್ಲಿ ಸಿಗುವ ‘ಬ್ಲಾಕ್ಸಾರ್ಜ್’ ಎಂಬ ಆಟದಲ್ಲಿ ಉದ್ದನೆಯ ಒಂದು ದಿಮ್ಮಿಯನ್ನು ಉರುಳಿಸುತ್ತ ಹೋಗಿ, ಕೊನೆಗೆ ಅದು ನೆಟ್ಟಗೆ ನಿಂತು ಚೌಕಾಕಾರದ ಕುಳಿಯೊಳಗೆ ಇಳಿಯುವಂತೆ ಮಾಡಬೇಕು. 33 ಹಂತಗಳಿವೆ. ದಿಮ್ಮಿ ಯಾವ ಪಕ್ಕಕ್ಕೆ ಬೀಳುತ್ತದೆ, ಬಿದ್ದ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಮನಸ್ಸಿನಲ್ಲೇ ತಿರುಗಿಸಿ ನೋಡದೆ ಹತ್ತು ಹಂತ ದಾಟುವುದು ಕಷ್ಟ. ನಿಮ್ಮ ಮಗ ಅದನ್ನು ಆಡುತ್ತಿದ್ದರೆ ಆಡಲಿ. ಆದರೆ ಅದರಿಂದ ಗಣಿತದ ಅಂಕ ಏರುತ್ತದೆ ಎಂದು ಕಾಯಬೇಡಿ.

ಹಾಗಾದರೆ ಕಲಿಕೆಯ ಆಟ ಯಾವುದು, ಬರೀ ಆಟ ಯಾವುದು ಎಂದು ಗುರುತಿಸುವುದು ಹೇಗೆ? ಶಿಕ್ಷಕರಿಗೆ ತರಬೇತಿ ಕೊಡುವಾಗ ನಾನು ಒಂದೇ ಪ್ರಶ್ನೆ ಕೇಳಿಸುತ್ತೇನೆ: ಇದರಿಂದ ಪಾಠವನ್ನು ಕಿತ್ತು ತೆಗೆದರೆ ಆಟ ಹಾಗೆಯೇ ಉಳಿಯುತ್ತದೆಯೇ? ಕಾರು ಓಡುತ್ತಿರುತ್ತದೆ, ನಡುವೆ ನಿಲ್ಲುತ್ತದೆ, ‘ಏಳೆಂಟಲ ಎಷ್ಟು?’ ಎಂದು ಕೇಳುತ್ತದೆ, ಉತ್ತರ ಕೊಟ್ಟರೆ ಮತ್ತೆ ಓಡುತ್ತದೆ. ಇಲ್ಲಿ ಮಗ್ಗಿ ಹೆದ್ದಾರಿಯ ಟೋಲ್‌ಗೇಟ್ ಇದ್ದಂತೆ. ಯಾರೂ ಟೋಲ್‌ಗೇಟ್ ನೋಡಲೆಂದು ಪ್ರಯಾಣ ಹೊರಡುವುದಿಲ್ಲ. ಆದಷ್ಟು ಬೇಗ ದಾಟಿ ಹೋಗಬೇಕೆನ್ನುತ್ತಾರೆ. ಮಕ್ಕಳೂ ಅಷ್ಟೇ. ನಾಲ್ಕು ಉತ್ತರಗಳಲ್ಲಿ ಸಿಕ್ಕಿದ್ದನ್ನು ಒತ್ತಿ, ತಪ್ಪಾದರೆ ಇನ್ನೊಂದನ್ನು ಒತ್ತಿ ಕಾರಿಗೆ ಮರಳುತ್ತಾರೆ. ಪಾಠ ತೆಗೆದರೆ ಆಟ ಇನ್ನಷ್ಟು ಚೆನ್ನಾಗುತ್ತದೆ ಎನಿಸಿದರೆ ಅದು ಕಲಿಕೆಯ ಆಟವಲ್ಲ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಬ್ರಿಟನ್ನಿನ ಸಂಶೋಧಕರಾದ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಏನ್ಸ್‌ವರ್ತ್ ಇದನ್ನು ಮಕ್ಕಳ ಮೇಲೆಯೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಎದೆಯ ಮೇಲೆ ಸಂಖ್ಯೆ ಹೊತ್ತ ಅಸ್ಥಿಪಂಜರಗಳ ಜೊತೆ ಕಾದಾಡುವ ಒಂದು ಆಟವನ್ನು ಎರಡು ಬಗೆಯಲ್ಲಿ ಮಾಡಿದರು. ಒಂದರಲ್ಲಿ, ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಆಯುಧ ಬೀಸಿದರೆ ಮಾತ್ರ ಅಸ್ಥಿಪಂಜರ ಉರುಳುತ್ತದೆ. ಇನ್ನೊಂದರಲ್ಲಿ ಕಾದಾಟಕ್ಕೂ ಭಾಗಾಕಾರಕ್ಕೂ ಸಂಬಂಧವಿಲ್ಲ. ಅದೇ ಲೆಕ್ಕಗಳು ಹಂತ ಮುಗಿದ ಮೇಲೆ ಪ್ರಶ್ನೆಗಳಾಗಿ ಬರುತ್ತವೆ. ಮೊದಲ ಬಗೆಯಲ್ಲಿ ಆಡಿದ ಮಕ್ಕಳು ಹೆಚ್ಚು ಕಲಿತರು. ಅದಕ್ಕಿಂತ ಸ್ವಾರಸ್ಯದ ಸಂಗತಿ ಎಂದರೆ, ಬೇಕಾದ್ದನ್ನು ಆಡಿಕೊಳ್ಳಿ ಎಂದು ಬಿಟ್ಟಾಗ ಮಕ್ಕಳು ಭಾಗಾಕಾರ ಬೆರೆತ ಆಟದಲ್ಲೇ ಏಳು ಪಟ್ಟು ಹೊತ್ತು ಕಳೆದರು. ಲೆಕ್ಕ ಬಂದರೆ ಮಕ್ಕಳು ಓಡಿಹೋಗುತ್ತಾರೆ ಎಂಬ ನಮ್ಮ ನಂಬಿಕೆಯೇ ಟೋಲ್‌ಗೇಟ್ ಆಟಗಳನ್ನು ಸಾಕುತ್ತಿದೆ.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಐದನೆಯ ತರಗತಿಯಲ್ಲಿ ಅಪವರ್ತನ (ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ), ಅಪವರ್ತ್ಯಗಳು (ಅದರ ಮಗ್ಗಿಯಲ್ಲಿ ಬರುವ ಸಂಖ್ಯೆಗಳು) ಬರುತ್ತವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎನ್‌ರಿಚ್ ಎಂಬ ಗಣಿತದ ತಾಣದಲ್ಲಿ ಇದಕ್ಕೆಂದೇ ಒಂದು ಆಟವಿದೆ. ದುಡ್ಡಿಲ್ಲ, ಖಾತೆ ತೆರೆಯುವ ಗೋಜಿಲ್ಲ. ಪರದೆಯ ಮೇಲೆ 1ರಿಂದ 100ರವರೆಗಿನ ಚೌಕ. ಮೊದಲನೆಯವರು 50ಕ್ಕಿಂತ ಕಡಿಮೆಯ ಒಂದು ಸಮಸಂಖ್ಯೆಯನ್ನು ಹೊಡೆದುಹಾಕಬೇಕು. ಎರಡನೆಯವರು ಅದರ ಅಪವರ್ತನವನ್ನೋ ಅಪವರ್ತ್ಯವನ್ನೋ ಹೊಡೆದುಹಾಕಬೇಕು. ಹೀಗೆ ಸರದಿಯ ಮೇಲೆ ಸಾಗುತ್ತದೆ. ಒಮ್ಮೆ ಹೊಡೆದ ಸಂಖ್ಯೆ ಮತ್ತೆ ಸಿಗುವುದಿಲ್ಲ. ಯಾರಿಗೆ ಮುಂದಿನ ಸಂಖ್ಯೆ ಇಲ್ಲವೋ ಅವರು ಸೋತರು.

ಒಂದು ಆಟ ಹೀಗೆ ನಡೆಯಬಹುದು. ಮಗಳು 24, ನೀವು 6, ಮಗಳು 18, ನೀವು 9, ಮಗಳು 63, ನೀವು 7, ಮಗಳು 49. ಈಗ ನಿಮಗೆ ಉಳಿದಿರುವುದು ಎರಡೇ: 98 ಅಥವಾ 1. ಸಣ್ಣದು ಸುಲಭ ಎಂದು 1 ಹೊಡೆದಿರೋ, ಕೆಟ್ಟಿರಿ. ಆಕೆ 97 ಹೊಡೆಯುತ್ತಾಳೆ. 97 ಅವಿಭಾಜ್ಯ ಸಂಖ್ಯೆ. ಅದರ ಅಪವರ್ತನಗಳಲ್ಲಿ 1 ಆಗಲೇ ಹೋಗಿದೆ, ಎರಡರಷ್ಟು ಮಾಡಿದರೆ 194, ಅದು ಚೌಕದಲ್ಲೇ ಇಲ್ಲ. ಆಟ ಮುಗಿಯಿತು. ಎರಡು ಸಲ ಹೀಗೆ ಸೋತ ಮಗು 50ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ತಾನೇ ಹುಡುಕಿ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ, ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ಆಮೇಲೊಂದು ದಿನ ‘ಮೊದಲನೆಯವರು ಸಮಸಂಖ್ಯೆಯನ್ನೇ ಏಕೆ ಆರಿಸಬೇಕು?’ ಎಂದು ಕೇಳಿ ನೋಡಿ. 97ರಿಂದಲೇ ಶುರು ಮಾಡಬಹುದಾಗಿದ್ದರೆ ಎದುರಾಳಿ 1 ಹೊಡೆಯಲೇಬೇಕು, ಬಳಿಕ 89 ಹೊಡೆದರೆ ಆಟ ಮೂರೇ ಹೆಜ್ಜೆಗೆ ಖತಂ. ಆ ನಿಯಮ ಬಂದದ್ದು ಅದಕ್ಕೆ. ಇದನ್ನು ಮಗು ತಾನಾಗಿ ಕಂಡುಕೊಂಡರೆ, ನನ್ನ ಲೆಕ್ಕದಲ್ಲಿ, ಒಂದು ಅಧ್ಯಾಯ ಮುಗಿದಂತೆ. ಈ ಆಟದಿಂದ ಗಣಿತ ತೆಗೆದರೆ ಉಳಿಯುವುದು ಖಾಲಿ ಚೌಕ ಮಾತ್ರ. ಕರೆಂಟು ಹೋದಾಗ ಕಾಗದದ ಮೇಲೂ ಆಡಬಹುದು.

ಇಬ್ಬರಿಗೂ ಆಗಿಬರುವ ಇನ್ನೊಂದು ತಾಣ ಗೂಗಲ್‌ನಲ್ಲಿ ಹುಟ್ಟಿದ ಬ್ಲಾಕ್ಲಿ ಗೇಮ್ಸ್. ಅದರ ‘ಮೇಜ್’ ಭಾಗದಲ್ಲಿ ಹತ್ತು ಹಂತಗಳಿವೆ. ಆಜ್ಞೆ ಬರೆದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಗೊಂಬೆಯನ್ನು ಗುರಿ ಮುಟ್ಟಿಸಬೇಕು. ಮೊದಲೆರಡು ಹಂತ ಯಾರಾದರೂ ಮಾಡುತ್ತಾರೆ: ಮುಂದೆ ನಡೆ, ಮುಂದೆ ನಡೆ, ತಿರುಗು. ಮೂರನೆಯ ಹಂತದಲ್ಲಿ ದಾರಿ ಉದ್ದವಿದೆ, ಬಳಸಲು ಎರಡೇ ತುಂಡು. ‘ಮುಂದೆ ನಡೆ’ ಎಂಬುದನ್ನು ಎರಡು ಸಲ ಇಟ್ಟರೆ ತುಂಡು ಮುಗಿಯುತ್ತದೆ, ಗೊಂಬೆ ನಡುದಾರಿಯಲ್ಲಿ ನಿಲ್ಲುತ್ತದೆ. ‘ಗುರಿ ಮುಟ್ಟುವವರೆಗೆ ಮಾಡುತ್ತಿರು’ ಎಂಬ ತುಂಡಿನ ಹೊಟ್ಟೆಯೊಳಗೆ ‘ಮುಂದೆ ನಡೆ’ಯನ್ನು ಇಡಬೇಕೆಂದು ಹೊಳೆಯುವ ಗಳಿಗೆಯಲ್ಲೇ ಪ್ರೋಗ್ರಾಮಿಂಗಿನ ಒಂದು ಮೂಲಪಾಠ ಸಿಕ್ಕಿಬಿಡುತ್ತದೆ. ಹತ್ತನೆಯ ಹಂತ ದೊಡ್ಡವರನ್ನೂ ಕಾಡಿಸುತ್ತದೆ. ನೀವು ಪಕ್ಕದಲ್ಲಿ ಕುಳಿತು ಪ್ರಯತ್ನಿಸಿ. ಅಮ್ಮನಿಗೂ ಬರುವುದಿಲ್ಲ ಎಂದು ಗೊತ್ತಾದರೆ ಮಕ್ಕಳ ಹುಮ್ಮಸ್ಸು ಇಮ್ಮಡಿಯಾಗುತ್ತದೆ. ಇಡೀ ತಾಣವನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಆಡಬಹುದು.

ವಿಜ್ಞಾನಕ್ಕೆ ಫೆಟ್. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಇವು ಕಟ್ಟುನಿಟ್ಟಾಗಿ ಆಟಗಳಲ್ಲ; ಪರದೆಯ ಮೇಲಿನ ಪ್ರಯೋಗಶಾಲೆಗಳು. ಆದರೆ ಮಕ್ಕಳು ಅವುಗಳನ್ನು ಬಳಸುವುದು ಆಟದಂತೆಯೇ. ವಿದ್ಯುತ್ ಮಂಡಲದ ಪ್ರಯೋಗದಲ್ಲಿ ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮಕ್ಕಳಿಗೆ ಅದನ್ನೇ ಮತ್ತೆ ಮತ್ತೆ ಮಾಡುವ ಆಸೆ. ಮಾಡಲಿ ಬಿಡಿ, ಶಾಲೆಯ ಪ್ರಯೋಗಾಲಯದಲ್ಲಿ ಅದಕ್ಕೆ ಅವಕಾಶವಿಲ್ಲ. ಬಳಿಕ ನಡುವೆ ಒಂದು ಬಲ್ಬು ಇಟ್ಟು, ಬೆಂಕಿ ಏಕೆ ಬರಲಿಲ್ಲ ಎಂದು ಕೇಳಿ. ಸಮತೋಲನದ ಪ್ರಯೋಗದಲ್ಲಿ ಹಲಗೆಯ ಒಂದು ಬದಿಗೆ 10 ಕಿಲೋ ಇಟ್ಟಿಗೆಯನ್ನು ನಡುಗಂಬದಿಂದ ಒಂದು ಮೀಟರ್ ದೂರದಲ್ಲಿ ಇಟ್ಟರೆ, ಇನ್ನೊಂದು ಬದಿಯಲ್ಲಿ 5 ಕಿಲೋ ಇಟ್ಟಿಗೆ ಎರಡು ಮೀಟರ್ ದೂರದಲ್ಲಿ ಸಮ ತೂಗುತ್ತದೆ. ಸೂತ್ರ ಬೋರ್ಡಿನ ಮೇಲೆ ಬರುವ ಮೊದಲೇ ನಿಮ್ಮ ಮಗನ ಕೈಗೆ ಅದು ಗೊತ್ತಿರುತ್ತದೆ.

ಹಾಟ್‌ಸ್ಪಾಟ್ ಮನೆಗೆ ಫೆಟ್ ವಿಶೇಷವಾಗಿ ಹೊಂದುತ್ತದೆ. ಒಂದೊಂದು ಪ್ರಯೋಗವೂ ಒಂದೇ ಫೈಲ್ ಆಗಿ, ಕೆಲವೇ ಎಂಬಿ ಗಾತ್ರದಲ್ಲಿ ಇಳಿಯುತ್ತದೆ. ಪೆನ್‌ಡ್ರೈವಿಗೆ ಹಾಕಿಕೊಂಡರೆ ಆಮೇಲೆ ಡೇಟಾ ಖರ್ಚೇ ಇಲ್ಲ, ಜಾಹೀರಾತಂತೂ ಮೊದಲೇ ಇಲ್ಲ. ಕೆಲವು ಪ್ರಯೋಗಗಳಿಗೆ ಸ್ವಯಂಸೇವಕರು ಮಾಡಿದ ಕನ್ನಡ ಅನುವಾದವೂ ಸಿಗುತ್ತದೆ. ಪ್ರಯೋಗದ ಪುಟದಲ್ಲಿ ಅನುವಾದಗಳ ವಿಭಾಗ ತೆರೆದು ನೋಡಿ.

ಕನ್ನಡದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ: ಕಡಿಮೆ ಇದೆ. ಖಾನ್ ಅಕಾಡೆಮಿಯ ಕನ್ನಡ ಆವೃತ್ತಿ ಇದೆ, ಆದರೆ ಅದು ಪಾಠ ಮತ್ತು ಅಭ್ಯಾಸ, ಆಟವಲ್ಲ. ಇಂಗ್ಲಿಷ್ ಅಚ್ಚಿನಲ್ಲಿ ಹೊಯ್ದ ಅಕ್ಷರದ ಆಟಗಳನ್ನು ಕನ್ನಡಕ್ಕೆ ತಂದರೆ ಒತ್ತಕ್ಷರಗಳು ಒಡೆದು ಚೂರಾಗುತ್ತವೆ. ಒಂದು ಅಕ್ಷರ ಒಂದು ಮನೆ ಎಂಬ ಅವುಗಳ ಲೆಕ್ಕ ನಮ್ಮ ಲಿಪಿಗೆ ಹೊಂದುವುದಿಲ್ಲ. ಹಾಗಾಗಿ ನಾನು ಸಲಹೆ ಕೊಡುವಾಗ ಕನ್ನಡ ತಾಣಕ್ಕಿಂತ ಮಾತು ಕಡಿಮೆ ಇರುವ ತಾಣವನ್ನು ಹುಡುಕುತ್ತೇನೆ. ಮೇಲೆ ಹೇಳಿದ ಎನ್‌ರಿಚ್, ಬ್ಲಾಕ್ಲಿ, ಫೆಟ್ ಮೂರೂ ಅಂಥವು. ನಿಯಮವನ್ನು ಒಮ್ಮೆ ನೀವು ಕನ್ನಡದಲ್ಲಿ ಹೇಳಿಕೊಟ್ಟರೆ ಸಾಕು. ಬ್ರೌಸರಿನದಲ್ಲದಿದ್ದರೂ ಜಿಕಾಂಪ್ರಿ ಎಂಬ ಉಚಿತ ತಂತ್ರಾಂಶದ ಹೆಸರು ಹೇಳಲೇಬೇಕು. ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ, ಹತ್ತು ವರ್ಷದೊಳಗಿನ ಮಕ್ಕಳಿಗೆ ಹೇಳಿ ಮಾಡಿಸಿದ್ದು, ಹಳೆಯ ಯಂತ್ರದಲ್ಲೂ ಓಡುತ್ತದೆ.

ನಿಮ್ಮ ಮಗನಿಗೆ ಇಷ್ಟರಲ್ಲೇ ಆಟ ಆಡುವುದಕ್ಕಿಂತ ಆಟ ಕಟ್ಟುವ ವಯಸ್ಸು ಬಂದಿದೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಹುಟ್ಟಿ 2007ರಲ್ಲಿ ಎಲ್ಲರಿಗೂ ತೆರೆದುಕೊಂಡ, ಆಜ್ಞೆಯ ತುಂಡುಗಳನ್ನು ಜೋಡಿಸಿ ಆಟ ಕಟ್ಟುವ ಸ್ಕ್ರ್ಯಾಚ್ ಎಂಬ ತಾಣ ಅವನಿಗೆ ತಕ್ಕದ್ದು. ಖಾತೆ ಇಲ್ಲದೆಯೂ ಬಳಸಬಹುದು, ಲ್ಯಾಪ್‌ಟಾಪಿಗೆ ಇಳಿಸಿಕೊಂಡೂ ಬಳಸಬಹುದು, ಗೊಂಬೆಯ ಬಾಯಲ್ಲಿ ಕನ್ನಡ ಅಕ್ಷರಗಳನ್ನೇ ಹಾಕಬಹುದು. ಅಲ್ಲಿ ಬೇರೆಯವರು ಕಟ್ಟಿದ ಯಾವ ಆಟವನ್ನಾದರೂ ಬಿಚ್ಚಿ ಒಳಗೆ ಏನಿದೆ ಎಂದು ನೋಡಬಹುದು. ಸೊನ್ನೆಯಿಂದ ಶುರು ಮಾಡು ಎಂದರೆ ಹುಡುಗರು ಕೈಚೆಲ್ಲುತ್ತಾರೆ. ಅವನಿಗೆ ಒಂದು ಗೊತ್ತಿರುವ ಆಟ ಕೊಡಿ: ಚೌಕಾಬಾರ.

ಏಕೆ ಚೌಕಾಬಾರ ಎಂದರೆ, ಅದರಲ್ಲಿ ಒಂದು ಒಳ್ಳೆಯ ಬಲೆಯಿದೆ. ಸ್ಕ್ರ್ಯಾಚ್‌ನಲ್ಲಿ ‘1ರಿಂದ 10ರೊಳಗೆ ಯಾವುದಾದರೊಂದು ಸಂಖ್ಯೆ’ ಎಂಬ ತುಂಡು ಸಿದ್ಧವಾಗಿಯೇ ಇದೆ. ಮಗ ಖಂಡಿತ ಅದನ್ನೇ ಎಳೆದು 1ರಿಂದ 8 ಎಂದು ತಿದ್ದುತ್ತಾನೆ. ಆಟ ಓಡುತ್ತದೆ, ಆದರೆ 5, 6, 7 ಬೀಳತೊಡಗುತ್ತವೆ. ನಾಲ್ಕು ಕವಡೆಯಲ್ಲಿ ಎಂದಾದರೂ ಐದು ಬಿದ್ದದ್ದುಂಟೇ? ಸರಿ, 1, 2, 3, 4, 8 ಮಾತ್ರ ಬರುವಂತೆ ಮಾಡುತ್ತಾನೆ. ಈಗ ಇನ್ನೊಂದು ತೊಂದರೆ: ಎಂಟು ಮಳೆಯಂತೆ ಸುರಿಯುತ್ತದೆ, ಐದು ಸಲಕ್ಕೊಂದು. ನೆಲದ ಮೇಲೆ ಕವಡೆ ಹಾಕಿದಾಗ ಹಾಗಾಗುವುದಿಲ್ಲವಲ್ಲ! ಕೊನೆಗೆ ಅವನು ಕವಡೆಯನ್ನೇ ಕಟ್ಟಬೇಕಾಗುತ್ತದೆ. ನಾಲ್ಕು ಕವಡೆಗೆ ನಾಲ್ಕು ಸಲ 0 ಅಥವಾ 1 ಹಾಕಿ ಕೂಡಿಸು. ಮೊತ್ತ ಸೊನ್ನೆಯಾದರೆ ಎಂಟು ಎಂದು ತಿಳಿ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ 16 ಸಾಧ್ಯತೆಗಳಲ್ಲಿ ಎರಡು ಬೀಳುವುದು 6, ಒಂದು ಮತ್ತು ಮೂರು ನಾಲ್ಕು ನಾಲ್ಕು, ನಾಲ್ಕು ಮತ್ತು ಎಂಟು ಒಂದೊಂದು. ಸಂಭವನೀಯತೆಯ ಪಾಠ ಇದೇ. ಎಂಟು ಬಿದ್ದರೆ ಇನ್ನೊಂದು ಸರದಿ ಏಕೆ ಕೊಡುತ್ತಾರೆ ಎಂಬುದನ್ನು ಅಜ್ಜಿಯನ್ನು ಕೇಳಿ ತಿಳಿದುಕೊಳ್ಳಲಿ.

ಬಾಯಿಪಾಠದ ಆಟಗಳನ್ನೂ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸೆಟೆರ್ರಾ ಎಂಬ ನಕಾಶೆಯ ತಾಣ ಭಾರತದ ರಾಜ್ಯಗಳನ್ನು ಒಂದೊಂದಾಗಿ ಕೇಳಿ ತೋರಿಸು ಎನ್ನುತ್ತದೆ, ಅಷ್ಟೇ. ಕಾರಿಲ್ಲ, ರಾಕ್ಷಸನಿಲ್ಲ, ನಾಟಕವಿಲ್ಲ. ತ್ರಿಪುರ ಎಲ್ಲಿ, ಮಿಜೋರಾಂ ಎಲ್ಲಿ ಎಂದು ಕಲಿಯಲು ಅಷ್ಟು ಸಾಕು.

ಇನ್ನು ಜಾಹೀರಾತು ಮತ್ತು ಸುರಕ್ಷತೆ. ನೆಟ್‌ನಲ್ಲಿ ಓಡಾಡುವ ‘ಮಕ್ಕಳಿಗೆ ಐವತ್ತು ಉತ್ತಮ ತಾಣಗಳು’ ಎಂಬಂಥ ಹಳೆಯ ಪಟ್ಟಿಗಳನ್ನು ನಂಬಿ ಹೋಗಬೇಡಿ. ಒಂದು ಕಾಲದ ಬಹುಪಾಲು ಬ್ರೌಸರ್ ಆಟಗಳು ಫ್ಲ್ಯಾಶ್ ಎಂಬ ತಂತ್ರಜ್ಞಾನದ ಮೇಲೆ ನಿಂತಿದ್ದವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದನ್ನು ಕೈಬಿಟ್ಟಿತು, 2021ರ ಜನವರಿ 12ರಿಂದ ಅದು ಓಡದಂತೆಯೇ ಮಾಡಿತು. ಆದ್ದರಿಂದ ಇಂದು ಯಾವುದಾದರೂ ತಾಣ ‘ಆಟ ಆಡಲು ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿ’ ಎಂದರೆ ಅದು ಮೋಸ, ಅನುಮಾನವೇ ಬೇಡ. ಬಟನ್ ಒತ್ತಿದರೆ ಬರುವುದು ವೈರಸ್.

ಹುಡುಗರ ನಡುವೆ ‘ಅನ್‌ಬ್ಲಾಕ್ಡ್ ಗೇಮ್ಸ್’ ಎಂಬ ಮಾತು ಓಡಾಡುತ್ತಿರುತ್ತದೆ. ಶಾಲೆಯಲ್ಲಿ ತಡೆದಿರುವ ಆಟಗಳನ್ನು ಬೇರೆ ವಿಳಾಸದಲ್ಲಿ ನಕಲು ಮಾಡಿ ಇಟ್ಟ ತಾಣಗಳು ಅವು. ಆಟ ಬೇರೆಯವರದು, ಸುತ್ತಲಿನ ಜಾಹೀರಾತು ಇವರದು. ಆಟದ ಮೇಲ್ಗಡೆ ಹಸಿರು ಬಣ್ಣದ ‘ಸ್ಟಾರ್ಟ್’ ಬಟನ್ ಇರುತ್ತದೆ, ಅದು ಆಟದ್ದಲ್ಲ. ಅದರ ಮೇಲೆ ಮೌಸ್ ಇಟ್ಟು, ಒತ್ತದೆ, ಬ್ರೌಸರಿನ ಕೆಳಮೂಲೆ ನೋಡಿದರೆ ಬೇರೆಯೇ ವಿಳಾಸ ಕಾಣುತ್ತದೆ. ಇದನ್ನು ಮಗಳಿಗೆ ಒಮ್ಮೆ ತೋರಿಸಿ, ಆಮೇಲೆ ಸುಳ್ಳು ಬಟನ್ ಹುಡುಕುವುದೇ ಅವಳಿಗೆ ಒಂದು ಆಟವಾಗುತ್ತದೆ. ‘ನೋಟಿಫಿಕೇಶನ್ ಕಳಿಸಬಹುದೇ’ ಎಂದು ತಾಣ ಕೇಳಿದರೆ ಬೇಡ ಎನ್ನಲಿ.

ಲ್ಯಾಪ್‌ಟಾಪಿನಲ್ಲಿ ಮೂರು ಕೆಲಸ ಮಾಡಿಬಿಡಿ. ಮಕ್ಕಳಿಗೆ ವಿಂಡೋಸ್‌ನಲ್ಲಿ ಬೇರೆ ಖಾತೆ ತೆರೆಯಿರಿ, ಅದಕ್ಕೆ ಅಡ್ಮಿನ್ ಅಧಿಕಾರ ಕೊಡಬೇಡಿ. ನಿಮ್ಮ ಪಾಸ್‌ವರ್ಡ್ ಇಲ್ಲದೆ ದೊಡ್ಡ ತಂತ್ರಾಂಶಗಳನ್ನು ಹಾಕಿಕೊಳ್ಳುವುದು ಆಗ ಕಷ್ಟ. ಫೈರ್‌ಫಾಕ್ಸ್ ಬ್ರೌಸರಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಉಚಿತ ಜೋಡಣೆ ಹಾಕಿ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಎಂಬಲ್ಲಿ 94.140.14.15 ಮತ್ತು 94.140.15.16 ಎಂದು ತುಂಬಿ. ಆ್ಯಡ್‌ಗಾರ್ಡ್ ಸಂಸ್ಥೆಯ ಕುಟುಂಬ ಸೇವೆ ಅದು, ಜಾಹೀರಾತುಗಳನ್ನೂ ಅಶ್ಲೀಲ ತಾಣಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಜಾಹೀರಾತಿನ ವಿಡಿಯೋಗಳು ನಿಂತರೆ ನಿಮ್ಮ ಮೊಬೈಲ್ ಡೇಟಾ ಎಷ್ಟು ಉಳಿಯುತ್ತದೆ ಎಂಬುದು ಒಂದು ವಾರದಲ್ಲೇ ಗೊತ್ತಾಗುತ್ತದೆ.

ಹೆಸರು, ಶಾಲೆ, ಮೊಬೈಲ್ ಸಂಖ್ಯೆ ಕೇಳುವ ಆಟವನ್ನು ಅಲ್ಲಿಗೇ ಮುಚ್ಚಿಸಿ. ಹತ್ತು ವರ್ಷದ ಮಗುವಿಗೆ ಭಾಗಾಕಾರ ಕಲಿಸಲು ಯಾರಿಗೂ ನಿಮ್ಮ ಫೋನ್ ನಂಬರ್ ಬೇಕಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಮಕ್ಕಳ ಬೆನ್ನುಹತ್ತಿ ಅವರ ಚಲನವಲನ ಗಮನಿಸುವುದನ್ನೂ ಅವರಿಗೆಂದು ಗುರಿಯಿಟ್ಟ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಜಾರಿ ಹಂತ ಹಂತವಾಗಿ. ಅಮೆರಿಕದಲ್ಲಿ ಇಂಥ ಕಾನೂನು 1998ರಲ್ಲೇ ಬಂದಿದ್ದರೂ ಅಲ್ಲಿ ರಕ್ಷಣೆ 13 ವರ್ಷದೊಳಗಿನವರಿಗೆ ಮಾತ್ರ. ಕಾಯ್ದೆ ಕಾಗದದಿಂದ ಪರದೆಗೆ ಇಳಿಯುವವರೆಗೆ ಕಾವಲು ನೀವೇ.

ಕೊನೆಯದಾಗಿ ಚಂದಾ. ಮಗಳು ಹಟ ಹಿಡಿದಿರುವುದು ಗಣಿತಕ್ಕಾಗಿಯೋ, ಚಂದಾ ಕಟ್ಟಿದವರಿಗೆ ಮಾತ್ರ ಸಿಗುವ ಸಾಕುಪ್ರಾಣಿ, ಟೋಪಿ, ಪೆಟ್ಟಿಗೆಗಳಿಗಾಗಿಯೋ ಎಂದು ಮೊದಲು ನೋಡಿ. ಕೆನಡಾ ಮೂಲದ ಪ್ರಾಡಿಜಿ ಎಂಬ ಜನಪ್ರಿಯ ಗಣಿತದ ಆಟದ ವಿರುದ್ಧ ಅಮೆರಿಕದ ಮಕ್ಕಳ ಹಿತರಕ್ಷಣೆಯ ಸಂಘಟನೆಯೊಂದು 2021ರಲ್ಲಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟಿತ್ತು. ಶಾಲೆಗಳಿಗೆ ಉಚಿತವೆಂದು ಹೊಕ್ಕು, ಮನೆಯಲ್ಲಿ ಚಂದಾ ಕಟ್ಟಿರೆಂದು ಮಕ್ಕಳ ಮೂಲಕ ಒತ್ತಡ ಹಾಕುತ್ತದೆ ಎಂಬುದು ದೂರು. ನಿಮ್ಮ ಮನೆಯ ಹಟವೂ ಅದೇ ಜಾತಿಯದಿರಬಹುದು.

ಹೀಗೆ ಮಾಡಿ. ಅವಳ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಒಂದು ಕಾಗದದಲ್ಲಿ ಗೆರೆ ಎಳೆಯುತ್ತ ಹೋಗಿ: ಲೆಕ್ಕ ಮಾಡಿದಾಗಲೆಲ್ಲ ಎಡಕ್ಕೊಂದು ಗೆರೆ, ಚಂದಾ ಕಟ್ಟಿ ಎಂದು ಆಟ ನೆನಪಿಸಿದಾಗಲೆಲ್ಲ ಬಲಕ್ಕೊಂದು. ಕಾಗದವನ್ನು ಅವಳ ಮುಂದೆಯೇ ಇಟ್ಟು ಎಣಿಸಲು ಹೇಳಿ. ಎಡಗಡೆ ತುಂಬಿದ್ದರೆ, ಲೆಕ್ಕಗಳು ಅವಳ ಮಟ್ಟಕ್ಕೆ ತಕ್ಕಂತೆ ಕಠಿಣವಾಗುತ್ತಿದ್ದರೆ, ಒಂದು ತಿಂಗಳಿಗೆ ಕಟ್ಟಿ ನೋಡಬಹುದು. ವರ್ಷಕ್ಕೆ ಒಟ್ಟಿಗೆ ಕಟ್ಟಬೇಡಿ, ರಿಯಾಯಿತಿ ಎಷ್ಟೇ ತೋರಿಸಲಿ. ಕಟ್ಟಿದ ದಿನವೇ ತಾನಾಗಿ ನವೀಕರಣವಾಗುವ ವ್ಯವಸ್ಥೆಯನ್ನು ಯುಪಿಐ ಆ್ಯಪಿಗೆ ಹೋಗಿ ರದ್ದು ಮಾಡಿ, ಇಲ್ಲವಾದರೆ ಅವಳು ಆಟ ಮರೆತ ಮೇಲೂ ಖಾತೆಯಿಂದ ಹಣ ಹೋಗುತ್ತಲೇ ಇರುತ್ತದೆ.